ನಾಮದವರೆಯ ಬ್ಯಾಂಕು

ನಮ್ಮ ಸೋದರಮಾವನದೊಂದು ಬ್ಯಾಂಕಿದೆ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ. ಅದು ಮುಳುಗುವವರೆಗೆ ನಾನೂ ನಂಬಿರಲಿಲ್ಲ!

ಮುಳುಗಿದ ಸುದ್ದಿ ಬಂದಾಗ ನಾನು ಬನಶಂಕರಿಯ ನಮ್ಮ ಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದೆ. ಗ್ರೈಂಡರಿನ ಗದ್ದಲದಲ್ಲಿ ಏನೂ ಕೇಳಿಸದೆ ಫೋನನ್ನು ಸ್ಪೀಕರಿಗೆ ಹಾಕಿದರೆ, ಜೆ.ಪಿ. ನಗರದಿಂದ ನನ್ನ ತಂಗಿ ಕಿರುಚುತ್ತಿದ್ದಾಳೆ: "ಅಕ್ಕಾ, ಬ್ಯಾಂಕ್ ಮುಳುಗೋಯ್ತು! ಎಲ್ಲಾ ಹೋಯ್ತು!"

ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಪಂಚೆ ಎಡವಿಕೊಂಡು ಓಡಿಬಂದರು. "ಯಾವ ಬ್ಯಾಂಕೇ? ನಮ್ಮ ಎಫ್‌ಡಿ ಇರೋದಾ?"

"ಅಲ್ಲಾರೀ, ಮಾವಂದು."

"ಓ, ಅದಾ!" ಎಂದವರೇ ದೇವರಮನೆಯ ಕಡೆಗೊಂದು ಕೈ ಮುಗಿದು ಮತ್ತೆ ಪೇಪರಿನಲ್ಲಿ ಮುಳುಗಿದರು. ಎಫ್‌ಡಿ ಉಳಿಯಿತಲ್ಲ, ಬನಶಂಕರಮ್ಮ ದೊಡ್ಡವಳು.

ಮಾವನ ಬ್ಯಾಂಕಿನಲ್ಲಿರುವುದು ದುಡ್ಡಲ್ಲ, ಬೀಜ! ಅವರು ನೌಕರಿಯಲ್ಲಿದ್ದದ್ದು ಸರ್ಕಾರದ ಒಂದು ಬೀಜಭಂಡಾರದಲ್ಲಿ. ಊರೂರಿನ ಬೆಳೆಗಳ ಬೀಜಗಳನ್ನು ತಣ್ಣನೆಯ ಕೋಣೆಗಳಲ್ಲಿ ಕಾಪಾಡುವ ಜಾಗವದು. ಹಾಗೆಂದು ಮಾವನನ್ನು ವಿಜ್ಞಾನಿ ಎಂದುಕೊಂಡೀರಿ! ಬೀಜ ಮುಟ್ಟುವ ಕೆಲಸ ವಿಜ್ಞಾನಿಗಳದು, ಅದರ ಕರೆಂಟ್ ಬಿಲ್ ಕಟ್ಟುವ ಕೆಲಸ ಮಾವನದು. ವರ್ಷವರ್ಷವೂ ಆಡಿಟ್‌ನವರು ಬಂದು, "ಯಾರೂ ಕೇಳದ ಕಾಳಿಗೆ ಏಸಿ ಯಾಕ್ರೀ?" ಎಂದು ಕೇಳುವುದು, ಮಾವ ಅದಕ್ಕೆ ಉದ್ದನೆಯ ಉತ್ತರ ಬರೆಯುವುದು. ಬರೆದೂ ಬರೆದೂ ಕೊನೆಗೆ ಆ ಉತ್ತರವನ್ನು ತಾವೇ ನಂಬಿಬಿಟ್ಟರು. ಸರ್ಕಾರಿ ನೌಕರನಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೇನಿದೆ?

ನಿವೃತ್ತಿಯಾದ ಮೇಲೆ ಉಳಿದವರಂತೆ ಪಾರ್ಕಿನಲ್ಲಿ ಕೂತು ರಾಜಕೀಯ ಮಾತಾಡಬಾರದೇ? ಇಲ್ಲ. ಜಯನಗರದ ತಮ್ಮ ಮನೆಯ ಫ್ರಿಜ್ಜನ್ನೇ ಹೆಡ್ಡಾಫೀಸು ಮಾಡಿದರು. ನನ್ನ ಫ್ರಿಜ್ಜೊಂದು ಬ್ರಾಂಚು, ತಂಗಿಯದಿನ್ನೊಂದು. ಒಂದು ಬೆಳಿಗ್ಗೆ ಬಂದವರೇ ನನ್ನ ಫ್ರಿಜ್ಜಿನ ಬಾಗಿಲು ತೆರೆದು, ಮೊಟ್ಟೆ ಇಡುವ ಗುಂಡಿಗಳನ್ನು ತೋರಿಸಿದರು.

"ನೀವು ಮೊಟ್ಟೆ ತಿನ್ನಲ್ಲ. ಈ ಗುಂಡಿಗಳು ಖಾಲಿ ಬಿದ್ದಿವೆ. ಇದು ರಾಷ್ಟ್ರೀಯ ನಷ್ಟ ಕಣಮ್ಮ!"

ಹಾಗೆ ಆ ಗುಂಡಿಗಳಲ್ಲಿ ಬೀಜದ ಪುಟ್ಟ ಸೀಸೆಗಳು ಬಂದು ಕೂತವು. ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿ ತಾಕುತ್ತದೆಂದು ಆಮೇಲೆ ಅವು ಒಳಗಿನ ತಟ್ಟೆಗೆ ಬಡ್ತಿ ಪಡೆದವು, ನನ್ನ ದೋಸೆಹಿಟ್ಟು ಹೊರಗೆ ಬಂದು ಹುಳಿಯಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ದಿನಾ ಫೋನು! "ಇವತ್ತು ಫ್ರಿಜ್ಜು ಎಷ್ಟು ಸಲ ತೆಗೆದೆ?" ಗಂಡ ಕೇಳದ ಲೆಕ್ಕವನ್ನು ಈ ಮಾವ ಕೇಳುತ್ತಿದ್ದರು.

ಯಜಮಾನರು ಒಮ್ಮೆ ಸವಾಲು ಹಾಕಿದರು. "ಮಾವ, ಇದನ್ನ ಯಾರಾದ್ರೂ ಕೊಳ್ತಾರಾ?"

"ಇಲ್ಲ."

"ತಿಂತೀರಾ?"

"ಛೇ ಛೇ!"

"ಮತ್ತೆ ಇಟ್ಕೊಂಡು ಏನ್ ಮಾಡ್ತೀರಿ?"

"ಅಳಿಯಂದಿರೇ, ನಿಮ್ಮ ಕಾರಿನ ಸ್ಟೆಪ್ನಿ ಯಾವತ್ತಾದ್ರೂ ಉಪಯೋಗಕ್ಕೆ ಬಂದಿದೆಯಾ?"

"ಇಲ್ಲ."

"ಬಿಸಾಕಿಬಿಡಿ ಮತ್ತೆ!"

ಇದು ಮಾವನ ಸ್ಟೆಪ್ನಿ ಸಿದ್ಧಾಂತ. ಇರುವ ತಳಿಗೆ ರೋಗ ಬಂದ ದಿನ ಹಳೆಯ ತಳಿಯೇ ಸ್ಟೆಪ್ನಿಯಂತೆ. ಆ ದಿನ ಬಾರದಿದ್ದರೆ? "ಬರದೇ ಇದ್ರೆ ಅದೇ ಲಾಭ!" ಇದಾದ ಕೆಲವೇ ದಿನಕ್ಕೆ ನಮ್ಮ ಕಾರು ಸಾರಕ್ಕಿ ಸಿಗ್ನಲ್ಲಿನಲ್ಲಿ ಪಂಕ್ಚರ್ ಆಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯಲ್ಲೂ ಗಾಳಿಯಿಲ್ಲ! ಇದನ್ನು ಕೇಳಿ ಮಾವನಿಗಾದ ಸಂತೋಷ ಹೇಳತೀರದು. "ನೋಡಿದ್ರಾ? ಇಟ್ರೆ ಸಾಲ್ದು, ಆಗಾಗ ಗಾಳಿ ನೋಡ್ಬೇಕು!"

ಬೀಜದ ಗಾಳಿ ನೋಡುವುದೆಂದರೆ ಮೊಳಕೆ ಪರೀಕ್ಷೆ. ಒಂದಷ್ಟು ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನಮ್ಮ ಅಡುಗೆಮನೆಯಲ್ಲಿಟ್ಟು ಹೋಗಿದ್ದರು. ನೀವೇ ಹೇಳಿ, ಒದ್ದೆ ಬಟ್ಟೆಯಲ್ಲಿ ಮೊಳಕೆಕಾಳು ಕಂಡರೆ ಗೃಹಿಣಿ ಏನು ಮಾಡುತ್ತಾಳೆ? ಸಾಸಿವೆ, ಇಂಗು, ಕಾಯಿತುರಿ ಹಾಕಿ ಉಸಲಿ ಮಾಡಿದೆ. ಫಲಿತಾಂಶ ನೋಡಲು ಬಂದ ಮಾವ ತಲೆಮೇಲೆ ಕೈ ಹೊತ್ತರು.

"ಪರೀಕ್ಷೆ ಬರೆದ ಮಕ್ಕಳನ್ನೇ ಬೇಯಿಸಿದೆಯಲ್ಲೇ!"

"ಎಲ್ಲಾ ಪಾಸಾಗಿದ್ವು ಮಾವ," ಎಂದು ಒಂದು ಬಟ್ಟಲು ಕೊಟ್ಟೆ. ಎರಡನೇ ಸಲ ಹಾಕಿಸಿಕೊಂಡರು!

ಬ್ಯಾಂಕಿನ ಒಡವೆಯೆಂದರೆ ನಾಮದವರೆ. ಕಪ್ಪನೆಯ ಕಾಳು, ಅಂಚಿನಲ್ಲಿ ಬೆಳ್ಳಗೆ ಎಳೆದಂತೆ ನಾಮ. ಅತ್ತೆ, ಅಂದರೆ ಮಾವನ ಹೆಂಡತಿ, ಮದುವೆಯಾಗಿ ಬರುವಾಗ ತವರಿನವರು ಮಡಿಲು ತುಂಬಿದ ಧಾನ್ಯದಲ್ಲಿ ಬಂದದ್ದು. ಈಗ ಅತ್ತೆಯೂ ಇಲ್ಲ, ಅವರ ತವರಿನ ಕಡೆ ಅದನ್ನು ಬೆಳೆಯುವವರೂ ಇಲ್ಲ. ಫ್ರಿಜ್ಜಿನಲ್ಲಿಟ್ಟ ಬೀಜವೂ ಮೆಲ್ಲಗೆ ಮುಪ್ಪಾಗುತ್ತದಂತೆ. ಕೆಲವು ವರ್ಷಕ್ಕೊಮ್ಮೆ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕಂತೆ. ಅದಕ್ಕೆ ಮಾವ ನಮ್ಮ ತಾರಸಿಯ ಬಟ್ಟೆ ಒಣಗಿಸುವ ತಂತಿಯನ್ನೇ ಕೇಳಿದರು. ಅವರೆ ಬಳ್ಳಿ ಹಬ್ಬಿಸಲು!

"ನನ್ನ ಸೀರೆಗಳು ಎಲ್ಲಿಗೆ ಹೋಗ್ಬೇಕು ಮಾವ? ಫ್ರಿಜ್ಜಿಗೆ ನಾಮ ಹಾಕಿದ್ದಾಯ್ತು, ಇನ್ನು ತಾರಸಿಗೂ ನಾಮವಾ?"

ಮಾವನಿಗೆ ಕೋಪ ಬಂತು. ಸೀಸೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, "ಈ ಬ್ರಾಂಚ್ ಮುಚ್ಚಿದೆ!" ಎಂದು ಹೊರಟೇಹೋದರು. ನನ್ನ ದೋಸೆಹಿಟ್ಟು ಒಳಗೆ ಬಂತು.

ಇಂಥ ಬ್ಯಾಂಕು ಮುಳುಗಿದ್ದು ಹೇಗೆ ಗೊತ್ತೇ? ಮಾವ ಬೇಸಿಗೆಯಲ್ಲಿ ಕಾಶಿಗೆ ಹೊರಟರು. ಜೀವಮಾನವೆಲ್ಲ ಕರೆಂಟ್ ಬಿಲ್ಲಿಗೆ ಸಮಜಾಯಿಷಿ ಬರೆದ ಕೈ ನೋಡಿ, ಮನೆಗೆ ಬೀಗ ಹಾಕುವ ಮುಂಚೆ ತಾನಾಗಿಯೇ ಮೇಲೆದ್ದು ಮೇನ್ ಸ್ವಿಚ್ ಆಫ್ ಮಾಡಿತು! ಗಂಗೆಯಲ್ಲಿ ಮಿಂದು ಬರುವಷ್ಟರಲ್ಲಿ ಹೆಡ್ಡಾಫೀಸಿನ ತುಂಬ ಬೂಷ್ಟು.

"ನಾಮದವರೆ?" ಎಂದೆ ಫೋನಿನಲ್ಲಿ.

"ಪೂರ್ತಿ ಹೋಯ್ತಂತೆ ಅಕ್ಕ. 'ನಿನ್ನ ಹತ್ರ ಒಂದು ಸೀಸೆ ಇದೆಯಲ್ಲ, ಅದೊಂದೇ ಈಗ ಗತಿ, ತಗೊಂಡು ಅಕ್ಕನ ಮನೆಗೆ ಬಾ' ಅಂದ್ರು." ತಂಗಿಯ ದನಿ ಇಳಿಯಿತು. "ಅಕ್ಕ, ಹೋದ ಗೌರಿಹಬ್ಬದಲ್ಲಿ ಬಾಗಿನಕ್ಕೆ ಒಂದು ಧಾನ್ಯ ಕಮ್ಮಿ ಬಿತ್ತು. ಅಂಗಡಿಯಲ್ಲಿ ಕಾಲಿಡಕ್ಕೆ ಜಾಗ ಇರ್ಲಿಲ್ಲ. ಆ ಸೀಸೆನ..."

"ಬಾಗಿನಕ್ಕೆ ಹಾಕಿದೆಯಾ!"

"ಎಲ್ಲಾ ಮೊರಕ್ಕೂ ಚೂರುಚೂರು ಹಾಕಿದೆ. ನಿನಗೆ ಕೊಟ್ಟ ಮೊರದಲ್ಲೂ ಇತ್ತು."

ಗ್ರೈಂಡರ್ ನಿಲ್ಲಿಸಿದೆ. ಬಾಗಿನದ ಮೊರವನ್ನು ಬಿಚ್ಚಿ ನೋಡುವವರು ಈಗ ಯಾರಿದ್ದಾರೆ? ಬನಶಂಕರಿಯಲ್ಲಿ ಹೊರಟ ಬಾಗಿನ ಜಯನಗರ, ಜೆ.ಪಿ. ನಗರ ಸುತ್ತಿ, ಕುಂಕುಮ ಬಳೆ ಸಮೇತ ಮುಂದಿನ ವರ್ಷ ಬನಶಂಕರಿಗೇ ಬರುತ್ತದೆ. ನಾನೂ ತಂಗಿಯ ಮೊರವನ್ನು ಹಾಗೇ ಅಟ್ಟಕ್ಕೆ ಏರಿಸಿದ್ದೆ. ಇನ್ನು ಎರಡು ಮೂರು ತಿಂಗಳು ಕಳೆದಿದ್ದರೆ ಅದು ಯಾರ ಮನೆ ಸೇರುತ್ತಿತ್ತೋ! ಯಜಮಾನರನ್ನು ಸ್ಟೂಲ್ ಹತ್ತಿಸಿ ಅದನ್ನು ಕೆಳಗಿಳಿಸಿದೆ. ಮೊರದೊಳಗೆ ಅರಿಶಿನದ ಪೊಟ್ಟಣ ಒಡೆದು ಎಲ್ಲದರ ಮೇಲೂ ಚೆಲ್ಲಿತ್ತು. ತೊಗರಿಬೇಳೆ, ಕನ್ನಡಿ, ಬಾಚಣಿಗೆ, ಬಿಚ್ಚೋಲೆ. ಅಡಿಯಲ್ಲಿ, ಮೈಯೆಲ್ಲ ಹಳದಿಯಾಗಿ, ಅರ್ಧ ಹಿಡಿ ನಾಮದವರೆ.

ಮಧ್ಯಾಹ್ನ ಮಾವ ಬಂದರು. ತಂಗಿ ಆಗಲೇ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಳು. ಬೈಗುಳಕ್ಕೆ ಸಿದ್ಧವಾಗಿಯೇ ನಡೆದದ್ದೆಲ್ಲ ಹೇಳಿದೆ. ಮಾವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕಾಳನ್ನು ಪಂಚೆಯ ಅಂಚಿನಲ್ಲಿ ಒರೆಸಿದರು. ಕೆಲವಕ್ಕೆ ಹುಳು ತೂತು ಕೊರೆದಿತ್ತು, ಕೆಲವು ಗಟ್ಟಿಯಾಗಿದ್ದವು.

"ಅರಿಶಿನ ಕಾಪಾಡಿದೆ," ಎಂದರು. ಆಮೇಲೆ ತಂಗಿಯ ಕಡೆ ನೋಡಿ, "ಹೆಡ್ಡಾಫೀಸ್ ಮುಳುಗಿಸಿದ್ದು ನಾನು ಕಣಮ್ಮ. ನೀನ್ಯಾಕೆ ಅಳ್ತೀಯಾ?" ಎಂದರು.

"ಮೊಳೆಯತ್ತಾ ಮಾವ?" ಎಂದಳು ಅವಳು.

"ಪರೀಕ್ಷೆ ಮಾಡೋಷ್ಟು ಕಾಳಿಲ್ಲ. ನೇರ ಮಣ್ಣಿಗೇ ಹಾಕ್ಬೇಕು." ಗಟ್ಟಿ ಕಾಳುಗಳನ್ನು ಒಂದು ಕಡೆಗೆ ಮಾಡಿದರು. "ನಿಮ್ಮತ್ತೆ ಕಾಯಿಲೆ ಬೀಳೋಕ್ ಮುಂಚೆ ಒಂದಿನ ಕೇಳಿದ್ಲು, ಆಸೆ ಆಗಿದೆ, ಒಂದು ಹಿಡಿ ಹುಳಿಗೆ ಹಾಕ್ಲಾ ಅಂತ. ಬೀಜಕ್ಕೆ ಬೇಕು, ಮುಟ್ಟಬೇಡ ಅಂದೆ. ಸರಿ ಅಂದು ಹುರುಳಿಕಾಯಿ ಹಾಕಿದ್ಲು. ಈಗ ನೋಡು, ಇದರ ರುಚಿ ಹೇಗಿತ್ತು ಅಂತ್ಲೇ ನನಗೆ ಜ್ಞಾಪಕಕ್ಕೆ ಬರ್ತಿಲ್ಲ."

ಹೊರಗೆ ಮುಂಗಾರಿನ ಮೋಡ ಕಟ್ಟಿತ್ತು. ಅವರೆ ಬಿತ್ತಲು ಇದೇ ಕಾಲ.

"ಕುಂಡ ಇದೆ ಮಾವ. ಮಣ್ಣೂ ಇದೆ. ಮೇಲೆ ಹೋಗಿ ಹಾಕಿ," ಎಂದೆ.

"ಹಬ್ಬೋದಕ್ಕೆ?"

ನಾನು ತಾರಸಿಗೆ ಹೋಗಿ, ಬೆಳಿಗ್ಗೆಯಷ್ಟೇ ಹರವಿದ್ದ ಸೀರೆಗಳನ್ನು ತಂತಿಯಿಂದ ಎಳೆದುಕೊಂಡು ಕೆಳಗಿಳಿದೆ. ರೂಮಿನ ಬಾಗಿಲ ಮೇಲೊಂದು, ಕಿಟಕಿಯ ಸರಳಿಗೊಂದು ಹರವಿದೆ. ನೀಲಿ ಸೀರೆಯ ನೀರು ಪೇಪರ್ ಓದುತ್ತಿದ್ದ ಯಜಮಾನರ ಕಾಲ ಬುಡಕ್ಕೆ ತೊಟ್ಟಿಕ್ಕತೊಡಗಿತು. ಒರೆಸುವ ಬಟ್ಟೆ ತಂದು ನೆಲ ಒರೆಸಲು ಕೂತೆ.