ಸ್ಯಾಂಪಲ್ ಸಾಹೇಬರ ಎಡದಂಡ

ಭಾಮೈದ ಕೂತ. ಆದದ್ದು ಅಷ್ಟೇ. ಕುರ್ಚಿಯ ಮೇಲೆ ಏನಿದೆ ಎಂದು ನೋಡುವ ಗೋಜಿಗೆ ಹೋಗದೆ, ಕೈಯಲ್ಲಿ ಪೇಪರು ಬಿಡಿಸಿಕೊಂಡು, ತನ್ನ ತೊಂಬತ್ತು ಕಿಲೋ ತೂಕವನ್ನು ನಿಶ್ಚಿಂತೆಯಿಂದ ಇಳಿಬಿಟ್ಟ. ಕೆಳಗಿನಿಂದ ಒಣ ಕಡ್ಡಿ ಮುರಿದಂಥ ಸದ್ದು ಬಂತು.

"ಏಳೋ ಮೇಲೆ!" ಎಂದು ಸಾಹೇಬರು ಕಿರುಚಿದರು. "ಚಾಸಿ ಕಣೋ ಅದು! ಮೇಲೇಳು!"

ಬಸ್ ಡಿಪೋದ ಸ್ಟೋರ್‌ಕೀಪರ್ ಅವರು. ಹಳೆಯ ಪಾರ್ಟನ್ನು ಸ್ಯಾಂಪಲ್ ಎಂದು ತಂದು ಮೇಜಿನ ಮೇಲಿಡದೆ ಯಾರಿಗೂ ಒಂದು ನಟ್ಟು ಕೊಟ್ಟವರಲ್ಲ. ಅದಕ್ಕೇ ಡ್ರೈವರುಗಳೆಲ್ಲ ಸೇರಿ 'ಸ್ಯಾಂಪಲ್ ಸಾಹೇಬರು' ಎಂದು ಹೆಸರಿಟ್ಟಿದ್ದರು. ಮನೆಗೆ ಬಂದರೆ ಅವರಿಗೆ ಒಂದೇ ಹುಚ್ಚು: ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಹಳೇ ಕಾಲದ ಕಾರುಗಳ ಪುಟ್ಟ ಮಾದರಿ ಜೋಡಿಸುವುದು. ಗೇಣುದ್ದದ ಕಾರು. ಬಾಗಿಲು ತೆಗೆಯುತ್ತದೆ, ಸ್ಟೇರಿಂಗು ತಿರುಗುತ್ತದೆ.

ಸಂಜೆ ಐದಕ್ಕೆ ಲೈಬ್ರರಿ ಹಾಲಿನಲ್ಲಿ ಮಾದರಿಗಳ ಸ್ಪರ್ಧೆ. ಹೋದ ವರ್ಷ ಸಾಹೇಬರ ಕಾರಿಗೆ ಎರಡು ಚಕ್ರದ ಮುಚ್ಚಳ ಇರಲಿಲ್ಲವೆಂದು ಅದನ್ನು ಎತ್ತಿ ಮಕ್ಕಳ ವಿಭಾಗದಲ್ಲಿಟ್ಟು, ಸಮಾಧಾನಕರ ಬಹುಮಾನವೆಂದು ಕಂಪಾಸು ಡಬ್ಬಿ ಕೊಟ್ಟಿದ್ದರು. ಐವತ್ತೆರಡು ವರ್ಷದ ಗಂಡಸು, ಹಲ್ಲಿಲ್ಲದ ಎರಡನೇ ಕ್ಲಾಸಿನವರ ಸಾಲಿನಲ್ಲಿ ನಿಂತು ಚಪ್ಪಾಳೆ ಹೊಡೆಸಿಕೊಂಡಿದ್ದರು. ಆ ಡಬ್ಬಿಯನ್ನು ಬಿಚ್ಚದೆ ಬೀರುವಿನ ಮೇಲೆ ಎಸೆದಿದ್ದರು. ಈ ಸಲ ದೊಡ್ಡವರ 'ಪೂರ್ಣ ಮಾದರಿ' ವಿಭಾಗದಲ್ಲಿ ಕಾರು ನಿಲ್ಲಿಸದಿದ್ದರೆ ತಾನು ಸ್ಟೋರ್‌ಕೀಪರೇ ಅಲ್ಲ ಎಂದು ಇಡೀ ಬೀದಿಗೆ ಕೇಳಿಸುವಂತೆ ಹೇಳಿಯೂ ಆಗಿತ್ತು.

ಚಾಸಿ ಎಂದರೆ ಕಾರಿನ ಅಡಿಯ ಚೌಕಟ್ಟು. ಉದ್ದಕ್ಕೆ ಎರಡು ದಂಡ, ಅಡ್ಡಕ್ಕೆ ನಾಲ್ಕು ಪಟ್ಟಿ. ಬಲದಂಡ ನೆಟ್ಟಗಿತ್ತು. ಎಡದಂಡ ಪುಡಿಪುಡಿಯಾಗಿ ಭಾಮೈದನ ಪ್ಯಾಂಟಿಗೆ ಅಂಟಿತ್ತು.

"ಹೋಗ್ಲಿ ಬಿಡಿ ಭಾವ," ಎಂದ ಅವನು, ಹಿಂದುಗಡೆ ಕೊಡವಿಕೊಳ್ಳುತ್ತ. "ಅಡಿಭಾಗ ಯಾರು ನೋಡ್ತಾರೆ? ಒಂದು ರಟ್ಟು ಅಂಟಿಸಿ."

"ಯಾರು ನೋಡ್ತಾರಾ? ಇಪ್ಪತ್ತೆಂಟು ವರ್ಷದಿಂದ ನಾನು ನೋಡ್ತಿರೋದೇ ಗಾಡಿಗಳ ಅಡಿಭಾಗ! ಮೇಲಿರೋದು ಬರೀ ಬಣ್ಣ ಕಣೋ, ಕೆಳಗಿರೋದೇ ಗಾಡಿ!"

ಹೆಂಡತಿ ಅಡುಗೆಮನೆಯಿಂದ ಇಣುಕಿದರು. "ರೀ, ಬೀರು ಮೇಲೆ ಆ ಕಂಪಾಸು ಡಬ್ಬಿ ಇದೆಯಲ್ಲ, ಅದರೊಳಗೆ..."

"ಆ ಡಬ್ಬಿ ಸುದ್ದಿ ಎತ್ತಿದ್ರೆ ನೋಡು! ಈ ಮನೇಲಿ ಅದರ ಹೆಸರು ಹೇಳಬೇಡ ಅಂತ ಎಷ್ಟು ಸಲ ಹೇಳಿಲ್ಲ?"

ಹೆಂಡತಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಸಾಹೇಬರು ಆಟಿಕೆ ಅಂಗಡಿಗೆ ಓಡಿದರು. ಅಂಗಡಿಯವನು ಕೂತಲ್ಲಿಂದ ಏಳಲಿಲ್ಲ. "ಬಿಡಿ ಪಾರ್ಟು ಬರಲ್ಲ ಸಾರ್. ಡಬ್ಬಿ ಪೂರ್ತಿ ತಗೋಬೇಕು."

"ಕೊಡಪ್ಪ, ಪೂರ್ತೀನೇ ಕೊಡು!"

"ಆ ಕಾರಿನ ಡಬ್ಬಿ ಬರೋದು ನಿಂತು ಹನ್ನೊಂದು ವರ್ಷ ಆಯ್ತು. ಹೆಲಿಕಾಪ್ಟರ್ ಇದೆ, ಕೊಡ್ಲಾ?"

ವಾಪಸು ಬರುವಷ್ಟರಲ್ಲಿ ಭಾಮೈದ ಸುದ್ದಿ ಹಬ್ಬಿಸಿದ್ದ. ಮೂಲೆಮನೆ ಟೈಲರು ಟೇಪು ಕೊರಳಿಗೆ ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದ. "ಅಳತೆ ಕೊಡಿ ಸಾಹೇಬ್ರೆ. ಒಳಗೆ ಎರಡು ಪದರ ಬಕ್ರಂ ಇಟ್ಟು ಹೊಲಿದುಬಿಡ್ತೀನಿ. ಶರ್ಟಿನ ಕಾಲರ್ ಥರ ನಿಲ್ಲುತ್ತೆ."

"ಕಾರಿಗೆ ಕಾಲರ್ ಹಾಕ್ತೀಯೇನಯ್ಯಾ?"

"ಅಡಿಭಾಗ ತಾನೇ? ಯಾರು ನೋಡ್ತಾರೆ?"

ಸಾಹೇಬರ ಕಿವಿ ಬಿಸಿಯಾಯಿತು. ಆಗ ನೆನಪಾದವನು ಎದುರು ಬೀದಿಯಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಅಚ್ಚು ತೆಗೆಯುವುದು, ಎರಕ ಹೊಯ್ಯುವುದು ಅವನ ದಿನದ ಕಸುಬು. ಸಾಹೇಬರು ಬಲದಂಡವನ್ನು ಬಿಚ್ಚಿಕೊಂಡು ಹೋಗಿ ಅವನ ಮೇಜಿನ ಮೇಲೆ, ನಗುತ್ತಿದ್ದ ಆರು ದವಡೆಗಳ ನಡುವೆ ಇಟ್ಟರು.

"ಇದು ಸ್ಯಾಂಪಲ್. ಇದರಂಥದ್ದೇ ಇನ್ನೊಂದು ಬೇಕು."

ಅವನು ಕನ್ನಡಕ ಏರಿಸಿ ತಿರುಗಿಸಿ ನೋಡಿದ. "ಇದು ಒಂದು ಕಡೆಗೆ ಬಾಗಿದೆಯಲ್ಲ ಸಾರ್. ಆ ಕಡೇದಕ್ಕೆ ಸ್ವಲ್ಪ ಬೇರೆ..."

"ನೋಡಪ್ಪ, ನಿನ್ನ ಬುದ್ಧಿ ಉಪಯೋಗಿಸಬೇಡ. ಸ್ಯಾಂಪಲ್ ಹೇಗಿದೆಯೋ ಹಾಗೇ. ಕೂದಲೆಳೆ ವ್ಯತ್ಯಾಸ ಬಂದ್ರೂ ನಾನು ತಗೊಳ್ಳಲ್ಲ!"

ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ನಾಲ್ಕು ಗಂಟೆಗೆ ಒಸಡಿನ ಬಣ್ಣದ, ನುಣ್ಣಗೆ ಪಾಲಿಶು ಹೊಡೆದ ಇನ್ನೊಂದು ಬಲದಂಡ ತಯಾರಾಗಿತ್ತು. ಗಡಿಬಿಡಿಯಲ್ಲಿ ಕಪ್ಪು ಬಣ್ಣ ಬಳಿದು, ಅಂಟಿಸಿ, ಚಕ್ರ ಕೂರಿಸಿ ಕೆಳಗಿಟ್ಟಾಗಲೇ ಗೊತ್ತಾದದ್ದು. ಎರಡು ದಂಡವೂ ಒಂದೇ ಕಡೆಗೆ ಬಾಗಿ ಚಾಸಿ ಸೊಟ್ಟಗಾಗಿತ್ತು. ಕಾರು ದೀಪದ ಕಂಬದ ಬುಡದಲ್ಲಿ ನಿಂತ ನಾಯಿಯಂತೆ ಒಂದು ಚಕ್ರ ಎತ್ತಿ ನಿಂತಿತು.

ಭಾಮೈದ ನಕ್ಕ. "ಎರಡು ಬಲಗಾಲು ಚಪ್ಪಲಿ ಹಾಕ್ಕೊಂಡಂಗಿದೆ ಭಾವ! ಈ ವರ್ಷ ಬಿಟ್ಟುಬಿಡಿ."

"ಬಿಡೋದಾ? ತಗೊಂಡು ಹೋಗ್ತೀನಿ. ಅದೂ ತಲೆಕೆಳಗಾಗಿ ಇಡ್ತೀನಿ. ಅಡಿಭಾಗ ಯಾರು ನೋಡ್ತಾರೆ ಅಂದ್ರಲ್ಲ ಎಲ್ಲರೂ? ಊರೇ ನೋಡಲಿ!"

ಹಾಗೇ ಮಾಡಿದರು. ಹಾಲಿನ ಮೇಜಿನ ಮೇಲೆ ಕಾರು ಬೆನ್ನಡಿಯಾಗಿ, ನಾಲ್ಕೂ ಚಕ್ರ ಮೇಲೆ ಮಾಡಿ ಬಿದ್ದಿತ್ತು. ಪಕ್ಕದಲ್ಲಿ ಸಾಹೇಬರು ಎದೆಯುಬ್ಬಿಸಿ ನಿಂತಿದ್ದರು. ಹಿಂದೆ ಹೆಂಡತಿ, ಭಾಮೈದ, ಟೈಲರು.

ತೀರ್ಪುಗಾರರಾಗಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬಗ್ಗಿ ನೋಡಿದರು. ಮತ್ತೆ ನೋಡಿದರು. ಅವರ ಕಣ್ಣು ಅರಳಿತು.

"ಅದ್ಭುತ! ಅಪಘಾತದ ದೃಶ್ಯ! ಡಿಕ್ಕಿಯ ಏಟಿಗೆ ಚಾಸಿ ಹೇಗೆ ತಿರುಚುತ್ತೆ ಅಂತ ಎಷ್ಟು ನಿಜವಾಗಿ ತೋರಿಸಿದ್ದೀರಿ! 'ದೃಶ್ಯ' ವಿಭಾಗದಲ್ಲಿ ಮೊದಲನೇ ಬಹುಮಾನ, ದೊಡ್ಡ ಕಪ್ಪು, ನಿಮಗೇ!"

"ಹೂಂ ಅನ್ನಿ ಭಾವ," ಎಂದು ಭಾಮೈದ ಬೆನ್ನು ತಿವಿದ. "ಕೂತಿದ್ದು ನಾನೇ ಅಂತ ಯಾರಿಗೂ ಹೇಳಲ್ಲ."

ಸಾಹೇಬರು ಕಪ್ಪನ್ನು ನೋಡಿದರು. ಮೊಳದುದ್ದ ಇತ್ತು, ಹೊಳೆಯುತ್ತಿತ್ತು. ಆಮೇಲೆ ತಮ್ಮ ಕಾರನ್ನು ನೋಡಿದರು.

"ಅಪಘಾತ ಅಲ್ಲ ಸ್ವಾಮಿ," ಎಂದರು ಗಟ್ಟಿಯಾಗಿ. "ಇದು ಪೂರ್ಣ ಮಾದರಿ. ಚಾಸಿ ಸೊಟ್ಟಗಿರೋದು ನನ್ನ ತಪ್ಪು. ಎಡದಂಡ ಹಾಕೋ ಕಡೆ ಬಲದಂಡ ಹಾಕಿದ್ದೀನಿ. ಸುಳ್ಳು ಹೇಳಿ ಕಪ್ಪು ತಗೊಳ್ಳೋ ಜಾತಿ ನಂದಲ್ಲ. ಹಾಕಿ ಪೂರ್ಣ ಮಾದರಿ ವಿಭಾಗಕ್ಕೆ!"

ಮೇಷ್ಟ್ರು ಬೇಸರದಿಂದ ನಿಯಮದ ಹಾಳೆ ತಿರುವಿದರು. "ಏಳನೇ ನಿಯಮ. ಜೋಡಣೆಯಲ್ಲಿ ತಪ್ಪಿರುವ ಮಾದರಿಗಳನ್ನು ಮಕ್ಕಳ ವಿಭಾಗಕ್ಕೆ ವರ್ಗಾಯಿಸುವುದು."

ಸಾಹೇಬರಿಗೆ ನಿಯಮ ಎಂದರೆ ನಿಯಮ. ತಲೆಯೆತ್ತಿಕೊಂಡೇ ನಡೆದು ಮಕ್ಕಳ ಸಾಲಿನಲ್ಲಿ ನಿಂತರು. ಹೋದ ವರ್ಷ ಹಲ್ಲಿಲ್ಲದಿದ್ದ ಹುಡುಗಿಗೆ ಈ ವರ್ಷ ಹಲ್ಲು ಬಂದಿತ್ತು. "ಅಂಕಲ್, ನೀವು ಮತ್ತೆ ಬಂದ್ರಾ?" ಎಂದು ನಕ್ಕು ಜಾಗ ಬಿಟ್ಟಳು.

ಕೊಟ್ಟದ್ದು ಮತ್ತೆ ಅಂಥದ್ದೇ ಕಂಪಾಸು ಡಬ್ಬಿ.

ಹೊರಗೆ ಮೆಟ್ಟಿಲ ಮೇಲೆ ಕೂತು ಈ ಸಲ ಸಿಟ್ಟಿನಿಂದ ಅದನ್ನು ಬಿಚ್ಚಿದರು. ಎರಡು ಪೆನ್ಸಿಲು, ಒಂದು ರಬ್ಬರು. ಅಡಿಯಲ್ಲಿ ಗೇಣುದ್ದದ ಗಟ್ಟಿ ಪ್ಲಾಸ್ಟಿಕ್ ಸ್ಕೇಲು. ಸಾಹೇಬರು ಅದನ್ನು ಎತ್ತಿ ಕಾರಿನ ಎಡಬದಿಗೆ ಹಿಡಿದರು. ಉದ್ದ ಅಳೆದು ಮಾಡಿಸಿದಂತಿತ್ತು. ದಪ್ಪವೂ ಅಷ್ಟೇ. ಬಿಸಿನೀರಲ್ಲಿ ಅದ್ದಿ ಚೂರು ಬಗ್ಗಿಸಿದರೆ ಸಾಕು.

ಅವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ಬೆಳಿಗ್ಗೆ ನೀನು ಏನೋ ಹೇಳೋಕೆ ಬಂದೆಯಲ್ಲ..."

"ಬಂದಿದ್ದೆ," ಎಂದರು ಹೆಂಡತಿ. "ಆ ಡಬ್ಬಿ ಸುದ್ದಿ ಎತ್ತಬೇಡ ಅಂದ್ರಿ. ಎತ್ತಲಿಲ್ಲ."

ಸಾಹೇಬರು ದಿಗ್ಗನೆ ಎದ್ದು ನಿಂತರು. "ಬರೋ ವರ್ಷ ನೋಡ್ತಿರಿ! ಪೂರ್ಣ ಮಾದರಿ ವಿಭಾಗದಲ್ಲೇ..." ಎನ್ನುತ್ತ, ಕೈಯೆತ್ತಿ ಶಪಥ ಮಾಡಲೆಂದು ಕಾರನ್ನೂ ಸ್ಕೇಲನ್ನೂ ಮೆಟ್ಟಿಲ ಮೇಲಿಟ್ಟರು.

ಬೆಳಗಿನಿಂದ ಓಡಾಡಿ ಸುಸ್ತಾಗಿದ್ದ ಭಾಮೈದ, ಮೆಟ್ಟಿಲು ಖಾಲಿಯಾಯಿತೆಂದು ಕೂತ.