ಸೌಟಣ್ಣನ ಚಾಕುವಿಗೆ ಮೊಹರು

ಎಲ್ಲೋ ಯಾರೋ ಯಾರಿಗೋ ಚುಚ್ಚಿದ. ಸರ್ಕಾರಕ್ಕೆ ಥಟ್ಟನೆ ಜ್ಞಾನೋದಯವಾಯಿತು: ತಪ್ಪು ಚುಚ್ಚಿದವನದಲ್ಲ, ಚಾಕುವಿನ ಮೊನೆಯದು! ಊರಿನ ಅಡುಗೆ ಚಾಕುಗಳೆಲ್ಲ ಶುಕ್ರವಾರ ಸಂಜೆ ಐದರೊಳಗೆ ಠಾಣೆಗೆ ಬಂದು, ಮೊನೆ ಉಜ್ಜಿಸಿಕೊಂಡು, ಮೊಹರು ಹಾಕಿಸಿಕೊಳ್ಳಬೇಕು. ಮೊಹರಿಲ್ಲದ ಅಡುಗೆಯವನಿಗೆ ಶನಿವಾರದಿಂದ ಒಲೆಯಿಲ್ಲ.

ಹಾಸ್ಟೆಲ್ಲಿನ ಅಡುಗೆಯವ ಸೌಟಣ್ಣನಿಗೆ ಈ ಆದೇಶ ತಲುಪಿದ್ದು ಶುಕ್ರವಾರ ಮಧ್ಯಾಹ್ನ. ಹನ್ನೆರಡು ವರ್ಷದಲ್ಲಿ ಅವನ ಚಾಕು ಚುಚ್ಚಿದ್ದು ಕುಂಬಳಕಾಯಿಗೆ ಮಾತ್ರ. ಅದೂ ದೂರು ಕೊಟ್ಟಿರಲಿಲ್ಲ. ಆದರೆ ಕೆಲಸ ಹೋದರೆ ಮನೆಯಲ್ಲಿ ನಾಲ್ಕು ಹೊಟ್ಟೆ ಖಾಲಿ. ಒಯ್ಯೋಣವೆಂದರೆ, ಬೀದಿಯಲ್ಲಿ ಚಾಕು ಹಿಡಿದು ತಿರುಗುವುದೂ ಅಪರಾಧವೆಂದು ಅದೇ ಕಾಗದದ ಹಿಂಬದಿಯಲ್ಲಿ ಬರೆದಿತ್ತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯಾಚೆಯಿಂದಲೇ ತೀರ್ಪು ಕೊಟ್ಟರು. "ಎದೆ ಸೆಟೆಸಿ, ಕೈಯಲ್ಲೇ ಹಿಡ್ಕೊಂಡು ಹೋಗಯ್ಯ. ಮುಚ್ಚಿಡೋನು ಕಳ್ಳ!"

"ನೀವು ಒಯ್ತೀರಾ ಮೇಷ್ಟ್ರೇ?"

"ನನಗೆ ಮಂಡಿನೋವು."

"ಅವರ ಮಾತು ಕೇಳಿದ್ರೆ ನೀವು ಠಾಣೆಗೆ ಜೀಪಲ್ಲೇ ಹೋಗ್ತೀರಿ. ಕೊಡಿ ಇಲ್ಲಿ" ಎಂದ ಹೆಂಡತಿ ಚಾಕುವನ್ನು ಟವೆಲಿನಲ್ಲಿ, ಟವೆಲನ್ನು ಮಗಳ ಹಳೇ ಕಂಬಳಿಯಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಗಂಡನ ತೋಳಿಗಿಟ್ಟಳು. "ಹೀಗೇ ಹೋಗಿ. ಕೂಸನ್ನ ಯಾವ ಪೊಲೀಸೂ ತಪಾಸಣೆ ಮಾಡಲ್ಲ."

ಪೊಲೀಸರು ಮಾಡುವುದಿಲ್ಲ, ನಿಜ. ಬಸ್ಸಿನ ಅಜ್ಜಿಯರ ವಿಷಯ ಅವಳು ಯೋಚಿಸಿರಲಿಲ್ಲ.

"ಎಷ್ಟು ತಿಂಗಳಾಯ್ತಪ್ಪಾ?" ಪಕ್ಕದ ಸೀಟಿನ ಅಜ್ಜಿ ಕೇಳಿದಳು.

"ಹನ್ನೆರಡು ವರ್ಷ." ಗಾಬರಿಯಲ್ಲಿ ಚಾಕುವಿನ ವಯಸ್ಸೇ ಬಾಯಿಗೆ ಬಂತು.

"ಅಯ್ಯೋ, ಬೆಳವಣಿಗೆನೇ ಇಲ್ವಲ್ಲೋ! ಉಸಿರುಗಟ್ಟುತ್ತೆ, ಮುಖ ಬಿಡಿಸು." ಅಜ್ಜಿ ಕಂಬಳಿ ಸರಿಸಿದಳು. ಮೊನೆ ಫಳಾರನೆ ಹೊಳೆಯಿತು. ಅವಳು ಕಿರುಚಿದ ರಭಸಕ್ಕೆ ಡ್ರೈವರು ಬ್ರೇಕು ಒತ್ತಿದ. ಬಾಯಿ ಬಿಚ್ಚಿದ ಮೂಟೆಯಿಂದ ಸಾಸಿವೆ ಸುರಿದಂತೆ ಬಸ್ಸು ಖಾಲಿಯಾಯಿತು. ಸೌಟಣ್ಣ ಕೂಸನ್ನು ಅವುಚಿಕೊಂಡು ಓಡಿದ. "ಹಿಡೀರಿ, ಹಿಡೀರಿ!" ಎಂದು ಅಟ್ಟಿಸಿಕೊಂಡು ಬಂದವರು, ಅವನು ತಾನಾಗಿಯೇ ಠಾಣೆಗೆ ನುಗ್ಗಿದ್ದು ಕಂಡು ಪೆಚ್ಚಾಗಿ ನಿಂತರು.

ಒಳಗೆ ನೂರು ಜನ, ನೂರು ಮೊನೆ, ಒಂದೇ ಸಾಣೆಕಲ್ಲು. ಊರು ಹುಟ್ಟಿದಾಗಿನಿಂದ ಒಂದು ಕೋಣೆಯಲ್ಲಿ ಇಷ್ಟು ಚಾಕು ಸೇರಿದ್ದೇ ಇಲ್ಲ. ಸೇರಿಸಿದ್ದು ಶಾಂತಿಯ ಕಾನೂನು! ಯಾರೋ ಸಾಲು ಮುರಿದ, ಇನ್ಯಾರೋ ಅವನ ಕಾಲರು ಹಿಡಿದ. ಆಮೇಲೆ ನಡೆದದ್ದನ್ನು ಮಂತ್ರಿಗಳು ಬಂದು ನೋಡಬೇಕಿತ್ತು. ಎಲ್ಲರೂ ಚಾಕುಗಳನ್ನು ಜೋಪಾನವಾಗಿ ಬೆಂಚಿನ ಮೇಲಿಟ್ಟು, ಛತ್ರಿ, ಚಪ್ಪಲಿ, ಊಟದ ಡಬ್ಬಿಗಳಲ್ಲಿ ಬಡಿದಾಡಿದರು. ಸೌಟಣ್ಣನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟೆದ್ದಿತು.

ಐದಕ್ಕೆ ಎರಡು ನಿಮಿಷವಿರುವಾಗ ದಫೇದಾರರು ಅವನ ಚಾಕುವಿನ ಮೊನೆಯನ್ನು ಬೋಳುತಲೆಯಂತೆ ನುಣ್ಣಗೆ ಉಜ್ಜಿ, ಹಿಡಿಗೆ ಮೊಹರು ಒತ್ತಿ, ಚೀಟಿ ಕೊಟ್ಟರು. ಸೌಟಣ್ಣ ಗೆದ್ದ ಕುದುರೆಯಂತೆ ಹಾಸ್ಟೆಲ್ಲಿಗೆ ಬಂದ.

ವಾರ್ಡನ್ ಚೀಟಿ ಓದಿ ಹಣೆ ಚಚ್ಚಿಕೊಂಡರು. "ಏನಯ್ಯ ಮಾಡ್ಕೊಂಡೆ? ಮೊನೆ ಚಾಕು ಒಪ್ಪಿಸಿದವರ ಪಟ್ಟಿಗೆ ಸೇರಿಬಿಟ್ಟಿದ್ದೀಯ! ಅಂಥ ಚಾಕು ಇಟ್ಕೊಂಡಿದ್ದೋರನ್ನ ಮಕ್ಕಳಿರೋ ಕಡೆ ಕೆಲಸಕ್ಕೆ ಇಡಕೂಡದು ಅಂತ ನೀನು ಠಾಣೆಗೆ ಹೋದಮೇಲೆ ಇನ್ನೊಂದು ಆದೇಶ ಬಂತು."

"ಒಪ್ಪಿಸದೇ ಇದ್ದಿದ್ರೆ?"

"ಆಗಲೂ ಕೆಲಸ ಹೋಗ್ತಿತ್ತು."

"ಸಾರ್, ಮೊನೆ ಚಾಕು ಇಲ್ಲದ ಅಡುಗೆಯವನನ್ನ ಎಲ್ಲಿಂದ ತರ್ತೀರಿ?"

"ತಂದಾಯ್ತು. ಆಗಲೇ ಒಳಗೆ ತರಕಾರಿ ಹೆಚ್ತಿದ್ದಾನೆ. ಯಾವ ಪಟ್ಟೀಲೂ ಹೆಸರಿಲ್ಲ, ಮನೇಲಿ ಒಂದು ಮೊನೆ ಚಾಕೂ ಇರ್ಲಿಲ್ಲ, ಹಾಗಾಗಿ ಮೊಹರೂ ಬೇಕಿಲ್ಲ. ಹೋದ ವಾರ ಜೈಲಿಂದ ಬಂದ."

"ಜೈಲಿಂದಾ! ಏನು ಮಾಡಿದ್ದ?"

"ಮಾವನ್ನ ಕಡಿದಿದ್ದ." ವಾರ್ಡನ್ ಅವನ ಹೆಗಲು ತಟ್ಟಿದರು. "ಹೆದರಬೇಡ ಮಾರಾಯ. ಕಡಿದದ್ದು ಕೊಡಲೀಲಿ. ಅದಕ್ಕೆಲ್ಲಿ ಮೊನೆ?"