ಯಮುನಾಳ ಮದುವೆಗೆ ಒಂದು ಜೋಡಿ ಪಾರಿವಾಳ

ಯಮುನಾ ದಪ್ಪ ಗೇಜಿನ ಸ್ಟೀಲು. ಬಡಿದರೆ ನಾದ ಬರುತ್ತದೆ, ಬಿದ್ದರೆ ತಗ್ಗಾಗುವುದಿಲ್ಲ. ಅವಳನ್ನು ಮದುವೆಯಾಗಲಿದ್ದ ನರೇಶ ನಾನ್‌ಸ್ಟಿಕ್: ನಯ, ನಾಜೂಕು, ಜೋರಾಗಿ ಉಜ್ಜುವಂತಿಲ್ಲ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಪಾತ್ರೆ ಅಂಗಡಿ ನಡೆಸುತ್ತಲೇ ತಲೆ ನರೆಸಿಕೊಂಡ ಆದಿನಾರಾಯಣ, ಹೆಂಡತಿಯ ಅಣ್ಣನ ಮಗಳನ್ನೂ ಭಾವೀ ಅಳಿಯನನ್ನೂ ಒಂದೇ ನೋಟಕ್ಕೆ ಹೀಗೆ ತೂಗಿ ಮುಗಿಸಿದ್ದರು. ಆದರೆ ಈ ಜೋಡಿಗೆ ಏನು ಉಡುಗೊರೆ ಕೊಡುವುದು ಎಂಬಲ್ಲಿ ಮಾತ್ರ ಅವರ ತಕ್ಕಡಿ ಕೈಕೊಟ್ಟಿತು.

"ಪಾತ್ರೆ ಬೇಡ," ಎಂದು ಹೆಂಡತಿ ಮಂಜುಳಮ್ಮ ರಾಜಾಜ್ಞೆ ಹೊರಡಿಸಿದ್ದರು. "ನಿಮ್ ತಮ್ಮನ ಮಗನಿಗೆ ಇಡ್ಲಿ ಪಾತ್ರೆ ಕೊಟ್ರಿ. ಮದ್ವೆ ಆದ್ಮೇಲೆ ಒಂದಿನ ಈ ಕಡೆ ತಲೆ ಹಾಕಿದ್ನಾ?"

"ಇಡ್ಲಿ ಪಾತ್ರೆ ಅವನಿಗೆ ಏನೇ ಮಾಡ್ತು?"

"ಅಂಗಡೀಲಿ ಮಿಕ್ಕಿದ್ದನ್ನ ತಂದು ತಲೆಗೆ ಕಟ್ಟಿದ್ರು ಅಂದ್ಕೊಂಡ! ರೀ, ಯಮುನಾ ನಮ್ ಮಡಿಲಲ್ಲಿ ಬೆಳೆದೋಳು. ಅವಳೂ ದೂರ ಆದ್ರೆ ಮಕ್ಕಳಿಲ್ಲದ ಈ ಮನೇಲಿ ನಾವಿಬ್ರೇ ಮುಖ ಮುಖ ನೋಡ್ಕೊಂಡು ಕೂತಿರ್ಬೇಕು. ಮನಸ್ಸಿಗೆ ನಾಟೋ ಅಂಥದ್ದು ಏನಾದ್ರೂ ಕೊಡ್ರೀ."

ಆ ಭವಿಷ್ಯ ಕಣ್ಣಮುಂದೆ ಸುಳಿದದ್ದೇ ಆದಿನಾರಾಯಣ ಬೆವೆತುಹೋದರು.

ಗಿರಾಕಿಯನ್ನು ವಿಚಾರಿಸದೆ ಸರಕು ತರಿಸುವ ಪೈಕಿ ಅವರಲ್ಲ. ಮೊದಲು ನರೇಶನಿಗೆ ಗುಟ್ಟಾಗಿ ಫೋನ್ ಮಾಡಿ, ಯಮುನಾಳಿಗೆ ಏನು ಇಷ್ಟ ಎಂದು ಕೇಳಿದರು.

"ಪಾರಿವಾಳ ಅಂಕಲ್," ಎಂದ ಅವನು, ಒಂದು ಕ್ಷಣ ಯೋಚಿಸಿ. "ಹಲಸೂರು ಕೆರೆ ಹತ್ರ ಮೊದ್ಲು ಮೀಟ್ ಆದಾಗ ಅದನ್ನೇ ಹೇಳಿದ್ರು."

ಆಮೇಲೆ ಯಮುನಾಳನ್ನು ಅಂಗಡಿಗೆ ಕರೆಸಿ, ನರೇಶನಿಗೆ ಏನು ಇಷ್ಟ ಎಂದು ಕೇಳಿದರು.

"ಪಾರಿವಾಳ ಮಾವ. ಅವ್ರೇ ಹೇಳಿದ್ರು."

ಆದಿನಾರಾಯಣರಿಗೆ ರೋಮಾಂಚನವಾಯಿತು. (ಜಾತಕದಲ್ಲೂ ಇಷ್ಟು ಚೆನ್ನಾಗಿ ಕೂಡಿ ಬಂದಿರಲಿಲ್ಲ.) ನೇರ ಶಿವಾಜಿನಗರಕ್ಕೆ ಹೋಗಿ, ತಾರಸಿಯ ಮೇಲೆ ಪಾರಿವಾಳ ಸಾಕುವ ಅಫ್ತಾಬನ ಬಳಿ ಹಾಲಿನಂಥ ಬಿಳಿಯ ಒಂದು ಜೋಡಿಯನ್ನು ಆರಿಸಿದರು. ಆರತಕ್ಷತೆಯ ದಿನ ವೇದಿಕೆಯ ಮೇಲೆ ಜರಿ ಬಟ್ಟೆ ಸರಿಸಿದಾಗ ಗೂಡಿನೊಳಗಿಂದ ಗುಟುರು ಕೇಳಿತು. ಮಿಕ್ಸಿ, ಗೋಡೆ ಗಡಿಯಾರ ತಂದವರೆಲ್ಲ ಬೆಪ್ಪಾದರು. ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡಿ ಅಗಲವಾಗಿ ನಕ್ಕರು. ಮಂಜುಳಮ್ಮ ವರ್ಷಗಳ ನಂತರ ಗಂಡನ ತಟ್ಟೆಗೆ ತಾವೇ ಇನ್ನೊಂದು ಹೋಳಿಗೆ ಹಾಕಿಸಿದರು.

ಮದುವೆಯಾಗಿ ತಿಂಗಳಾಯಿತು. ಯಮುನಾ ಬರಲಿಲ್ಲ. ಫೋನ್ ಮಾಡಿದರೆ, "ಪಾರಿವಾಳ ಬಿಟ್ಟು ಹೆಂಗ್ ಬರೋದು ಮಾವ?" ಎನ್ನುತ್ತಿದ್ದಳು. ಉಡುಗೊರೆ ಅಷ್ಟರಮಟ್ಟಿಗೆ ನಾಟಿದೆ ಎಂದು ಆದಿನಾರಾಯಣ ಸಮಾಧಾನಪಟ್ಟುಕೊಂಡರು. ಮಂಜುಳಮ್ಮ ಪಡಲಿಲ್ಲ.

ಒಂದು ಬೆಳಿಗ್ಗೆ ನರೇಶ ಫೋನ್ ಮಾಡಿ, "ಗೂಡಿನ ಬಾಗಿಲು ಹೆಂಗೋ ತೆಗೆದುಕೊಂಡ್ಬಿಟ್ಟಿದೆ ಮಾವ. ಎರಡೂ ಹಾರ್ಹೋದ್ವು," ಎಂದ. ಸಾವಿನ ಸುದ್ದಿ ಹೇಳುವ ದನಿ. ಆದಿನಾರಾಯಣರಿಗೆ ಊಟ ಸೇರಲಿಲ್ಲ.

ಮಧ್ಯಾಹ್ನ ಅಫ್ತಾಬನ ಫೋನು. "ಸೇಟು, ನಿಮ್ದು ಕಬೂತರ್ ಎರಡೂ ನಮ್ ತಾರಸಿ ಮೇಲೆ ಬಂದು ಕೂತವೆ. ಹುಟ್ಟಿದ ಮನೆ ಮರೀತಾವಾ ಅವು? ಬಂದು ತಗೊಂಡೋಗಿ."

ಸಂಜೆ ಅಫ್ತಾಬನ ಬಳಿ ಅಂಥದ್ದೇ ಇನ್ನೊಂದು ಗೂಡಿನಲ್ಲಿ ಎರಡನ್ನೂ ಹಾಕಿಸಿಕೊಂಡು, ಅದನ್ನು ಎದೆಗವಚಿಕೊಂಡು, ಆಟೋ ಹಿಡಿದು ಸಿ.ವಿ. ರಾಮನ್ ನಗರದ ಫ್ಲ್ಯಾಟಿಗೆ ಹೋದರು. ಮಕ್ಕಳ ಮುಖ ಅರಳುವುದನ್ನು ನೆನೆಸಿಕೊಂಡೇ ಬೆಲ್ ಒತ್ತಿದರು. ಒಳಗೆ ಹೆಜ್ಜೆ ಸಪ್ಪಳವಾಯಿತು. ಬಾಗಿಲ ಕಿಂಡಿ ಒಮ್ಮೆ ಮಸುಕಾಯಿತು.

"ಮಾವ! ಕೈಯಲ್ಲಿ ಅವೇ ಪಾರಿವಾಳ! ಲೈಟ್ ಆರ್ಸಿ, ಲೈಟ್ ಆರ್ಸಿ!" ಯಮುನಾಳ ಪಿಸುಮಾತು ಬಾಗಿಲು ದಾಟಿ ಬಂತು.

"ಮತ್ತೆ ತಂದ್ರಾ? ಅಯ್ಯೋ ದೇವ್ರೇ... ಆ... ಆಕ್ಷಿ!"

"ನೀವ್ಯಾಕ್ರೀ ಅಯ್ಯೋ ಅಂತೀರಾ? ನಿಮಗೆ ಪಾರಿವಾಳ ಪ್ರಾಣ ಅಲ್ವಾ?"

"ನಂಗಾ? ಗರಿ ಕಂಡ್ರೆ ಸೀನು ಬರತ್ತೆ ನಂಗೆ! ನೀನು ಇಷ್ಟ ಅಂದಿದ್ದಕ್ಕೆ ನಾನೂ ಹೂಂ ಅಂದೆ."

"ಏನು ಮಾತಾಡ್ಬೇಕು ಗೊತ್ತಾಗ್ದೆ, ಕಣ್ಣಿಗೆ ಬಿದ್ದಿದ್ದನ್ನ ಚೆನ್ನಾಗಿದೆ ಅಂದೆ ಕಣ್ರೀ! ಅದು ರೆಕ್ಕೆ ಬಡಿದ್ರೆ ನನ್ ಜೀವ ಹೋಗತ್ತೆ. ನಿಮಗೋಸ್ಕರ ಕಣ್ಮುಚ್ಕೊಂಡು ಗೂಡು ತೊಳೀತಿದ್ದೆ."

"ನಾನು ನಿನಗೋಸ್ಕರ ಮೂಗಿಗೆ ಬಟ್ಟೆ ಕಟ್ಕೊಂಡು ಕಾಳು ಹಾಕ್ತಿದ್ದೆ. ಆಗಲ್ಲ ಅಂತ ಇವತ್ತು ನಾನೇ ಬಾಗಿಲು ತೆಗೆದ್ಬಿಟ್ಟೆ."

ಒಳಗೆ ಇಬ್ಬರೂ ನಗತೊಡಗಿದರು. ಬಿದ್ದು ಬಿದ್ದು ನಗತೊಡಗಿದರು. ಹೊರಗೊಬ್ಬ ಮಾವ ನಿಂತಿದ್ದಾನೆ ಎಂಬುದನ್ನೂ ಮರೆತು ನಕ್ಕರು.

ಆದಿನಾರಾಯಣ ತಲೆಯೆತ್ತಿ ನೋಡಿದರು. ಎದುರು ಕಟ್ಟಡದ ಪ್ರತಿ ಮನೆಯ ಬಾಲ್ಕನಿಗೂ, ಪಾರಿವಾಳ ಬರದಿರಲೆಂದೇ, ಬಲೆ ಬಿಗಿದಿತ್ತು. ಎರಡನೆಯ ಸಲ ಬೆಲ್ ಒತ್ತುವ ಧೈರ್ಯವಾಗದೆ ಸದ್ದಿಲ್ಲದೆ ಮೆಟ್ಟಿಲಿಳಿದರು.

"ಏನಂದ್ಳು ಯಮುನಾ? ಯಾವಾಗ್ ಬರ್ತಾಳಂತೆ?" ಎಂದು ಮಂಜುಳಮ್ಮ ಬಾಗಿಲಲ್ಲೇ ಕೇಳಿದರು. ಗಂಡನ ಕೈಯಲ್ಲಿದ್ದ ಗೂಡನ್ನು ಕಂಡು, ಒಳಗಿನಿಂದ ಒಂದು ಹಿಡಿ ಕಾಳು ತಂದರು.

ಯಮುನಾಳಿಗೂ ನರೇಶನಿಗೂ ಆದಿನಾರಾಯಣ ಈಗಲೂ ಒಂದು ಮದುವೆಯ ಉಡುಗೊರೆ ಬಾಕಿ ಉಳಿಸಿಕೊಂಡಿದ್ದಾರೆ.